ಕಾಲೇಜಿನಲ್ಲಿ ಇಂಟರ್ನೆಟ್ ಚಟದ ಸರ್ವೆ ಮಾಡಿದೆವು. ಈ ಪಟ್ಟಿ ಇಟ್ಟುಕೊಂಡು ಈಗ ಏನು ಮಾಡುವುದು?

ಮಲೆನಾಡ ಮೇಷ್ಟ್ರು
ನಾನು ಒಂದು ಪದವಿ ಕಾಲೇಜಿನಲ್ಲಿ ಕಾಮರ್ಸ್ ಹೇಳಿಕೊಡುತ್ತೇನೆ. ಹೋದ ತಿಂಗಳು ನಮ್ಮ ಪ್ರಾಂಶುಪಾಲರು ಯಾವುದೋ ಕಾರ್ಯಾಗಾರಕ್ಕೆ ಹೋಗಿ ಬಂದರು. ಬಂದವರೇ "ಮಕ್ಕಳೆಲ್ಲ ಮೊಬೈಲಿನಲ್ಲಿ ಮುಳುಗಿದ್ದಾರೆ, ಒಂದು ಸರ್ವೆ ಮಾಡಿ, ನ್ಯಾಕ್ ಫೈಲಿಗೂ ಆಗುತ್ತೆ" ಎಂದರು. ನ್ಯಾಕ್ ಅಂದರೆ ಕಾಲೇಜುಗಳಿಗೆ ಗ್ರೇಡ್ ಕೊಡುವ ಸಂಸ್ಥೆ. ಕೆಲಸ ನನ್ನ ತಲೆಗೆ ಬಂತು. ಅಮೆರಿಕದ ಮನಶ್ಶಾಸ್ತ್ರಜ್ಞೆ ಕಿಂಬರ್ಲಿ ಯಂಗ್ ಅವರ 20 ಪ್ರಶ್ನೆಗಳ ಟೆಸ್ಟ್ ಸಿಕ್ಕಿತು. ಪ್ರತಿ ಪ್ರಶ್ನೆಗೂ 1ರಿಂದ 5 ಅಂಕ, ಅಂಕ ಜಾಸ್ತಿಯಾದಷ್ಟೂ ಚಟ ಜಾಸ್ತಿ ಅಂತ ಲೆಕ್ಕ. ನಾನು, ಇಂಗ್ಲಿಷ್ ಮೇಡಂ ಕೂತು ಕನ್ನಡಕ್ಕೆ ಮಾಡಿದೆವು. ಗೂಗಲ್ ಫಾರ್ಮ್‌ಗೆ ಹಾಕಿ ಕ್ಲಾಸಿನ ವಾಟ್ಸಾಪ್ ಗ್ರೂಪುಗಳಿಗೆ ಬಿಟ್ಟೆವು. ಹೆಸರು, ರಿಜಿಸ್ಟರ್ ನಂಬರ್ ಕಡ್ಡಾಯ.

ನಾನೂರು ಚಿಲ್ಲರೆ ಮಕ್ಕಳು ತುಂಬಿದರು. 50ಕ್ಕಿಂತ ಮೇಲೆ ಬಂದವರನ್ನು ಎಣಿಸಿದರೆ ಹತ್ತಿರ ಹತ್ತಿರ ಮೂರರಲ್ಲಿ ಒಬ್ಬರು! ಈಗ ಪೋಷಕರ ಸಭೆ ಕರೆದು, ಪಟ್ಟಿ ಓದಿ, "ನಿಮ್ಮ ಮಗನಿಗೆ ಇಂಟರ್ನೆಟ್ ಚಟ ಇದೆ" ಎಂದು ಹೇಳಬೇಕಂತೆ. ಸಭೆ ಈ ಶನಿವಾರ.

ನನಗೆ ಯಾಕೋ ಮನಸ್ಸು ಒಪ್ಪುತ್ತಿಲ್ಲ. ಪಟ್ಟಿಯ ಮೇಲ್ತುದಿಯಲ್ಲಿ ಇರುವ ಹುಡುಗಿ ನನ್ನ ಕ್ಲಾಸಿಗೇ ಮೊದಲು ಬರುವವಳು, 83 ಬಂದಿದೆ. ಮೂರು ವಾರದಿಂದ ಕ್ಲಾಸಿಗೆ ಮುಖ ತೋರಿಸದ ಒಬ್ಬ ಹುಡುಗನಿಗೆ ಬಂದಿರುವುದು 24. ಈ ಟೆಸ್ಟಿನಲ್ಲಿ ಸಿಗುವ ಅತಿ ಕಡಿಮೆ ಅಂಕವೇ 20. ಇದನ್ನು ನಂಬಿ ಯಾರಿಗಾದರೂ ಕಾಯಿಲೆ ಇದೆ ಅಂತ ಹೇಳಬಹುದಾ? ತಿಳಿದವರು ಹೇಳಿ.

ಕಡಲೆಪುರಿ
ವಾಟ್ಸಾಪಿನಲ್ಲಿ ಫಾರ್ಮ್ ಕಳಿಸಿ ಮೊಬೈಲ್ ಚಟ ಅಳೆದಿದ್ದೀರಿ. ಬಾರ್ ಬಾಗಿಲಲ್ಲಿ ನಿಂತು ಕುಡಿತದ ಸರ್ವೆ ಮಾಡಿದ ಹಾಗಾಯ್ತು 😄

ಕಟ್ಟುನಿಟ್ಟು
ಮೂರರಲ್ಲಿ ಒಬ್ಬರೇನಾ? ಬೆಳಗ್ಗೆ ಎಂಟು ಗಂಟೆಯ ಬಸ್ ಹತ್ತಿ ನೋಡಿ, ಮೂರರಲ್ಲಿ ಮೂವರೂ ತಲೆ ಬಗ್ಗಿಸಿಕೊಂಡೇ ಇರುತ್ತಾರೆ. ಇದಕ್ಕೆಲ್ಲ ಟೆಸ್ಟ್ ಯಾಕೆ ಸ್ವಾಮಿ? ಅಪ್ಪ ಅಮ್ಮನಿಗೆ ಹೇಳಿ, ಫೋನ್ ಕಿತ್ತಿಟ್ಟುಕೊಳ್ಳಲಿ. ಒಂದು ವಾರ ಒದ್ದಾಡುತ್ತಾರೆ, ಆಮೇಲೆ ತಾವೇ ಸರಿಹೋಗುತ್ತಾರೆ.

ರೂಂ ನಂ. 14
ಫೋನ್ ಕಿತ್ತುಕೊಂಡರೆ ಇಂಟರ್ನಲ್ಸ್ ಯಾವತ್ತು ಅಂತ ನೀವು ಬಂದು ಹೇಳ್ತೀರಾ ಸಾರ್? ಪರೀಕ್ಷೆ ಫೀಸು, ಹಾಲ್ ಟಿಕೆಟ್, ಸ್ಕಾಲರ್‌ಶಿಪ್, ನೋಟ್ಸ್ ಎಲ್ಲ ಅದರಲ್ಲೇ ಇದೆ. "ಅಂದುಕೊಂಡದ್ದಕ್ಕಿಂತ ಜಾಸ್ತಿ ಹೊತ್ತು ಆನ್‌ಲೈನ್ ಇರುತ್ತೀರಾ" ಅಂತ ಕೇಳಿದರೆ, ಅರ್ಜಿ ಹಾಕಲು ಕೊನೇ ದಿನ ಅಂದರೆ ಹೌದು, ಇಡೀ ರಾತ್ರಿ.

ಇನ್ನೊಂದು ಒಳಗುಟ್ಟು ಹೇಳ್ತೀನಿ. ಇಂಥದ್ದೇ ಫಾರ್ಮ್ ನಮ್ಮಲ್ಲೂ ಬಂದಿತ್ತು. ಹಾಸ್ಟೆಲಿನಲ್ಲಿ ಒಬ್ಬ ತುಂಬಿ ಸ್ಕ್ರೀನ್‌ಶಾಟ್ ಹಾಕಿದ, ಅರ್ಧ ಜನ ಅದನ್ನೇ ನೋಡಿ ಒತ್ತಿದರು. ಇನ್ನಿಬ್ಬರು ಯಾರಿಗೆ ಜಾಸ್ತಿ ಅಂಕ ಬರುತ್ತೆ ಅಂತ ಪಂದ್ಯ ಕಟ್ಟಿ ಎಲ್ಲದಕ್ಕೂ 5 ಕೊಟ್ಟರು. ನಿಜವಾಗಿ ರಾತ್ರಿ ನಾಲ್ಕರ ತನಕ ಬಿಜಿಎಂಐ ಅನ್ನುವ ಮೊಬೈಲ್ ಗೇಮ್ ಆಡುವವನು ಎಲ್ಲಕ್ಕೂ 1. ಹೆಸರು ಕೇಳಿದ್ದಾರಲ್ಲ, ಅವನೇನು ದಡ್ಡನಾ?

ಒಪಿಡಿ ಚೀಟಿ
ಮೇಷ್ಟ್ರೇ, ಶನಿವಾರದ ಸಭೆ ದಯವಿಟ್ಟು ನಿಲ್ಲಿಸಿ. ಮೊದಲು ಅದು, ಉಳಿದದ್ದು ಆಮೇಲೆ.

ನಾನು ಕ್ಲಿನಿಕಲ್ ಸೈಕಾಲಜಿಸ್ಟ್. ಈ ಪ್ರಶ್ನಾವಳಿ ಮೊರ ಇದ್ದ ಹಾಗೆ. ಮೊರದಲ್ಲಿ ಕೇರಿದ ಮೇಲೂ ಕೂತು ಕೈಯಲ್ಲಿ ಕಲ್ಲು ಆರಿಸಬೇಕಲ್ಲ, ಆ ಕೆಲಸಕ್ಕೆ ಡಯಾಗ್ನೋಸಿಸ್ ಅಂತ ಹೆಸರು. ನೀವು ಕೇರಿದ್ದೀರಿ, ಅಷ್ಟೇ.

"ಇಂಟರ್ನೆಟ್ ಚಟ" ಅನ್ನುವ ಹೆಸರಿನ ಕಾಯಿಲೆ ನಮ್ಮ ಪುಸ್ತಕಗಳಲ್ಲೇ ಇಲ್ಲ. 2013ರಲ್ಲಿ ಬಂದ ಅಮೆರಿಕದ ಮಾನಸಿಕ ಕಾಯಿಲೆಗಳ ಕೈಪಿಡಿ ಡಿಎಸ್‌ಎಂ-5 ಆನ್‌ಲೈನ್ ಆಟದ ತೊಂದರೆಯನ್ನು ಮಾತ್ರ ತೆಗೆದುಕೊಂಡಿತು, ಅದನ್ನೂ "ಇನ್ನಷ್ಟು ಅಧ್ಯಯನ ಆಗಬೇಕು" ಅನ್ನುವ ಭಾಗಕ್ಕೆ ತಳ್ಳಿತು. ಅಲ್ಲಿ 9 ಲಕ್ಷಣಗಳಿವೆ, ಒಂದು ವರ್ಷದೊಳಗೆ 5 ಕಂಡಿರಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆಗಳ ಪಟ್ಟಿ ಐಸಿಡಿ-11ರಲ್ಲಿ ಗೇಮಿಂಗ್ ಡಿಸಾರ್ಡರ್‌ಗೆ 6ಸಿ51 ಅನ್ನುವ ಕೋಡ್ ಸಿಕ್ಕಿತು. 2019ರಲ್ಲಿ ಒಪ್ಪಿಗೆಯಾಗಿ 2022ರ ಜನವರಿ 1ರಿಂದ ಜಾರಿಗೆ ಬಂತು. ರೀಲ್ಸ್ ನೋಡುವುದು, ಚಾಟ್ ಮಾಡುವುದು ಆ ಕೋಡಿನೊಳಗೆ ಬರುವುದಿಲ್ಲ. ಅಂದ ಮಾತ್ರಕ್ಕೆ ಅವುಗಳಿಂದ ಯಾರಿಗೂ ತೊಂದರೆ ಇಲ್ಲ ಅಂತಲ್ಲ. ಬೆಂಗಳೂರಿನ ನಿಮ್ಹಾನ್ಸ್ 2014ರಲ್ಲೇ ಇದಕ್ಕಾಗಿ ಶಟ್ ಅನ್ನುವ ಕ್ಲಿನಿಕ್ ತೆರೆದದ್ದು ಸುಮ್ನೆ ಅಲ್ಲ.

ನನ್ನ ಹತ್ತಿರ ಒಬ್ಬ ಹುಡುಗ ಬಂದರೆ ದಿನಕ್ಕೆ ಎಷ್ಟು ಗಂಟೆ ಅಂತ ನಾನು ಮೊದಲು ಕೇಳುವುದೇ ಇಲ್ಲ. ನಿನ್ನೆ ಬೆಳಗ್ಗೆ ಎದ್ದಾಗಿನಿಂದ ಮಲಗುವ ತನಕ ಏನೇನಾಯಿತು ಹೇಳು ಅನ್ನುತ್ತೇನೆ. ಸ್ನಾನ ಮಾಡಿದೆಯಾ, ಮೆಸ್‌ಗೆ ಹೋದೆಯಾ, ಯಾರ ಜೊತೆ ಮಾತಾಡಿದೆ. ಆಮೇಲೆ ಫೋನಿನಲ್ಲಿ ಏನು ಮಾಡುತ್ತೀಯ, ನಿಲ್ಲಿಸಬೇಕು ಅಂತ ಯಾವತ್ತಾದರೂ ಪ್ರಯತ್ನ ಪಟ್ಟೆಯಾ, ಆಗ ಏನಾಯಿತು. ಬ್ಯಾಕ್‌ಲಾಗ್ ಎಷ್ಟು, ಶುರುವಾದದ್ದು ಯಾವಾಗ. ಜೊತೆಗೆ ಮನಸ್ಸು ಕುಗ್ಗಿದೆಯಾ, ನಾಲ್ಕು ಜನರ ಎದುರು ಹೆದರಿಕೆಯಾ, ಚಿಕ್ಕವನಿದ್ದಾಗಿನಿಂದ ಒಂದು ಕಡೆ ಗಮನ ನಿಲ್ಲುವುದಿಲ್ಲವಾ, ಬೇರೆ ಏನಾದರೂ ಸೇದುತ್ತಾನಾ. ಕೆಲವೊಮ್ಮೆ ಇದ್ದಕ್ಕಿದ್ದಂತೆ ನಿದ್ದೆ ಬಿಟ್ಟು, ರಾತ್ರಿಯಿಡೀ ಆನ್‌ಲೈನ್ ಇದ್ದು, ಸಿಕ್ಕಿದ್ದೆಲ್ಲ ಆರ್ಡರ್ ಮಾಡುವ ಹುಡುಗರು ಬರುತ್ತಾರೆ. ಮನೆಯವರು ಮೊಬೈಲ್ ಚಟ ಅನ್ನುತ್ತಾರೆ, ನೋಡಿದರೆ ಮನಸ್ಸು ವಿಪರೀತ ಏರಿಳಿಯುವ ಬೈಪೋಲಾರ್ ಕಾಯಿಲೆಯ ಉನ್ಮಾದದ ಹಂತ. ಇದೆಲ್ಲ 20 ಪ್ರಶ್ನೆಯಲ್ಲಿ ಸಿಗುತ್ತಾ?

ಅಂಕಿ ಸಂಖ್ಯೆ
ಸ್ಟ್ಯಾಟಿಸ್ಟಿಕ್ಸ್ ಮೇಷ್ಟ್ರ ಕಡೆಯಿಂದ ಎರಡು ಮಾತು. ಲೆಕ್ಕಕ್ಕೆ ಅಂತ 1000 ಮಕ್ಕಳನ್ನು ತಗೊಳ್ಳಿ. ನಿಜವಾದ ತೊಂದರೆ ಶೇ 5 ಜನಕ್ಕೆ ಇದೆ ಅಂತ ಇಟ್ಟುಕೊಳ್ಳಿ, ಅಂದರೆ 50. ಟೆಸ್ಟ್ ಒಳ್ಳೆಯದೇ ಅನ್ನೋಣ. ತೊಂದರೆ ಇರುವ 10 ಜನರಲ್ಲಿ 8 ಜನರನ್ನು ಹಿಡಿಯುತ್ತೆ, ಇಲ್ಲದ 10 ಜನರಲ್ಲಿ 9 ಜನರನ್ನು ಬಿಟ್ಟುಬಿಡುತ್ತೆ. ಆಗ ಸಿಕ್ಕಿಬಿದ್ದ ನಿಜವಾದವರು 40. ಸುಮ್ನೆ ಸಿಕ್ಕಿಬಿದ್ದವರು 950ರಲ್ಲಿ 95. ಪಟ್ಟಿಯಲ್ಲಿ ಒಟ್ಟು 135 ಹೆಸರು, ಅದರಲ್ಲಿ 95 ಮನೆಗೆ ನೀವು ಸುಳ್ಳು ಸುದ್ದಿ ಕಳಿಸುತ್ತೀರಿ. ಇನ್ನು 10 ಜನ ತಪ್ಪಿಸಿಕೊಂಡು ಹೋದರು.

ಗೆರೆ ಎಲ್ಲಿ ಎಳೆಯುವುದು ಅನ್ನುವುದೂ ಒಂದು ತಮಾಷೆ. ಯಂಗ್ ಟೆಸ್ಟಿಗೇ ಕೆಲವರು 40ಕ್ಕೆ ಎಳೆಯುತ್ತಾರೆ, ಕೆಲವರು 50ಕ್ಕೆ. ಕೊರಿಯಾದವರ 10 ಪ್ರಶ್ನೆಗಳ ಸ್ಮಾರ್ಟ್‌ಫೋನ್ ಸ್ಕೇಲ್ ಇದೆ, ಅದರಲ್ಲಿ ಹುಡುಗರಿಗೆ 31, ಹುಡುಗಿಯರಿಗೆ 33. ಅದು ಅಲ್ಲಿನ ಶಾಲಾ ಮಕ್ಕಳನ್ನು ನೋಡಿ ಎಳೆದ ಗೆರೆ. ಅದನ್ನೇ ತಂದು ತೀರ್ಥಹಳ್ಳಿಯ ಬಿಕಾಂ ಮಕ್ಕಳಿಗೆ ಹಚ್ಚಿದರೆ, ಬೇರೆಯವರ ಅಳತೆಗೆ ಹೊಲಿಸಿದ ಅಂಗಿ.

ಕಟ್ಟುನಿಟ್ಟು
ಲೆಕ್ಕ ಚೆನ್ನಾಗಿದೆ. ಆದರೆ ಆ 40 ಜನ? ಅವರ ಗತಿ ಏನು? ನಿಮ್ಮ ಶೇಕಡಾ ಲೆಕ್ಕದಲ್ಲಿ ಅವರು ಮುಳುಗಿ ಹೋಗಲಿ ಅಂತಲಾ?

ಅಂಕಿ ಸಂಖ್ಯೆ
ಅವರಿಗೋಸ್ಕರವೇ ಹೇಳುತ್ತಿರುವುದು. 135 ಜನರನ್ನು ಒಂದು ಹಾಲಿನಲ್ಲಿ ಕೂರಿಸಿ ಬೈದರೆ ಆ 40 ಜನ ಗುಂಪಿನಲ್ಲಿ ಗೋವಿಂದ ಅಂತ ಎದ್ದು ಹೋಗುತ್ತಾರೆ.

ಹಳೇ ಮೋಡೆಮ್
ಇದರ ಮೂಲವೇ ಒಂದು ಜೋಕು ಅಂತ ಎಷ್ಟು ಜನಕ್ಕೆ ಗೊತ್ತು? 1995ರಲ್ಲಿ ನ್ಯೂಯಾರ್ಕಿನ ಮನೋವೈದ್ಯ ಇವಾನ್ ಗೋಲ್ಡ್‌ಬರ್ಗ್, ಡಿಎಸ್‌ಎಂನ ಧಾಟಿಯನ್ನು ಅಣಕಿಸಲು "ಇಂಟರ್ನೆಟ್ ಅಡಿಕ್ಷನ್ ಡಿಸಾರ್ಡರ್" ಅಂತ ಒಂದು ಕಾಯಿಲೆ ಕಟ್ಟಿ, ಲಕ್ಷಣಗಳನ್ನು ಬರೆದು ಆನ್‌ಲೈನ್ ಹಾಕಿದರು. ಓದಿದವರು ನಗುವ ಬದಲು "ಡಾಕ್ಟ್ರೇ, ನನಗೂ ಇದೆ" ಅಂದುಬಿಟ್ಟರು. ಮರು ವರ್ಷ ಕಿಂಬರ್ಲಿ ಯಂಗ್ ಇದನ್ನು ಗಂಭೀರವಾಗಿ ಎತ್ತಿಕೊಂಡರು. ಜೂಜಿನ ಚಟಕ್ಕೆ ಇದ್ದ ಲಕ್ಷಣಗಳನ್ನು ತಿದ್ದಿ 8 ಪ್ರಶ್ನೆ ಮಾಡಿದರು, 5ಕ್ಕೆ ಹೌದು ಅಂದರೆ ತೊಂದರೆ. 20 ಪ್ರಶ್ನೆಗಳದ್ದು 1998ರದು.

1998 ಅಂದರೆ ನೆನಪಿಸಿಕೊಳ್ಳಿ. ವಿಎಸ್‌ಎನ್‌ಎಲ್ ನಮ್ಮಲ್ಲಿ ಜನಸಾಮಾನ್ಯರಿಗೆ ಇಂಟರ್ನೆಟ್ ಕೊಟ್ಟು ಮೂರು ವರ್ಷ. ಮೋಡೆಮ್ ಕೀ ಕೀ ಅಂತ ಕೂಗಿಕೊಂಡು ಕನೆಕ್ಟ್ ಆಗುವುದು, ಅಷ್ಟರಲ್ಲಿ ಅಮ್ಮ ಫೋನ್ ಎತ್ತಿದರೆ ಕಟ್. ಆಗ "ಆನ್‌ಲೈನ್‌ಗೆ ಹೋಗುವುದು" ಅಂದರೆ ಪೇಟೆಗೆ ಹೋಗಿ ಬಂದ ಹಾಗೆ, ಹೋದದ್ದೂ ಗೊತ್ತಾಗುತ್ತಿತ್ತು ಬಂದದ್ದೂ ಗೊತ್ತಾಗುತ್ತಿತ್ತು. 2016ರಲ್ಲಿ ಜಿಯೋ ಬಂದ ಮೇಲೆ ಬೆಳೆದ ಹುಡುಗರು ಪೇಟೆಯಲ್ಲೇ ಮನೆ ಮಾಡಿಕೊಂಡಿದ್ದಾರೆ. ಎಷ್ಟು ಸಲ ಹೋಗ್ತೀಯ ಅಂದರೆ ಅವರೇನು ಹೇಳಬೇಕು?

ಕಡಲೆಪುರಿ
ಅದರಲ್ಲಿ "ಬೇರೆ ಕೆಲಸಕ್ಕೆ ಮುಂಚೆ ಇಮೇಲ್ ನೋಡುತ್ತೀರಾ" ಅಂತಲೂ ಇದೆ. ನಮ್ಮ ಹುಡುಗರು ಇಮೇಲ್ ನೋಡಿದರೆ ಪ್ಲೇಸ್‌ಮೆಂಟ್ ಆಫೀಸರ್ ತೆಂಗಿನಕಾಯಿ ಒಡೆಸುತ್ತಾರೆ.

ಮಲೆನಾಡ ಮೇಷ್ಟ್ರು
ಮೂರನೇ ಪ್ರಶ್ನೆ ನೋಡಿದ್ದೀರಾ? ಸಂಗಾತಿಯ ಜೊತೆಗಿನ ಸಲುಗೆಗಿಂತ ಇಂಟರ್ನೆಟ್ ಹೆಚ್ಚು ಖುಷಿ ಕೊಡುತ್ತಾ ಅನ್ನುವ ಅರ್ಥದ್ದು. ಇಂಗ್ಲಿಷ್ ಮೇಡಂ ಅದನ್ನು ಅನುವಾದಿಸಿ ಕೊಟ್ಟು ಆ ಕಡೆ ತಿರುಗಿಕೊಂಡರು. ಫಸ್ಟ್ ಇಯರ್ ಮಕ್ಕಳು ಕ್ಲಾಸಿನಲ್ಲಿ ಅದನ್ನು ಗಟ್ಟಿಯಾಗಿ ಓದಿ ನಕ್ಕಿದ್ದೇ ನಕ್ಕಿದ್ದು.

ಪದಬಂಧ
ಭಾಷೆಯ ವಿಷಯ ಬಂತಲ್ಲ, ನನ್ನದೂ ಒಂದು ತಕರಾರು. ಒಬ್ಬರು ಚಟ ಅನ್ನುತ್ತಾರೆ, ಪತ್ರಿಕೆಗಳು ವ್ಯಸನ ಅನ್ನುತ್ತವೆ, ಇನ್ನೊಬ್ಬರು ಗೀಳು. ಮೂರೂ ಒಂದೇ ಅಲ್ಲ. ಚಟ ಅಂದ ಕೂಡಲೇ ಕೆಟ್ಟ ಹುಡುಗ ಅಂತ ಮುದ್ರೆ ಬಿತ್ತು. ಗೀಳು ಅನ್ನುವ ಪದವನ್ನು ಡಾಕ್ಟರುಗಳು ಬಳಸುವುದು, ರೋಗಿ ಕೈ ತೊಳೆದುಕೊಳ್ಳುತ್ತಲೇ ಇರುವ ಒಸಿಡಿಯಂಥ ಬೇರೆ ಕಾಯಿಲೆಗೆ. ವ್ಯಸನದಲ್ಲಿ ಮಾತ್ರ ಎರಡು ಅರ್ಥ. ಸಪ್ತವ್ಯಸನದ ವ್ಯಸನವೂ ಅದೇ, "ವ್ಯಸನ ಪಡಬೇಡ ಮಗಾ" ಅಂತ ನಮ್ಮಜ್ಜಿ ಹೇಳುತ್ತಿದ್ದ ದುಃಖವೂ ಅದೇ. ಮೇಷ್ಟ್ರ ಫಾರ್ಮಿನಲ್ಲಿ ಯಾವ ಪದ ಇತ್ತು ಅನ್ನುವುದರ ಮೇಲೂ ಉತ್ತರ ಬದಲಾಗುತ್ತದೆ.

ಮಲೆನಾಡ ಮೇಷ್ಟ್ರು
"ಇಂಟರ್ನೆಟ್ ಚಟ ಪರೀಕ್ಷೆ" ಅಂತ ದಪ್ಪ ಅಕ್ಷರದಲ್ಲಿ ಮೇಲೆಯೇ ಹಾಕಿದ್ದೆವು 🤦

ಧಾರವಾಡದ ಅಕ್ಕ
ಅಲ್ರೀ, ಒಂದು ಮಾತು ಹೇಳಲೇ? ನನ್ನ ಮಗ ಹತ್ತನೇ ತನಕ ಕನ್ನಡ ಮೀಡಿಯಂ. ಎಂಜಿನಿಯರಿಂಗ್ ಸೇರಿದ. ಎರಡನೇ ಸೆಮಿಸ್ಟರ್ ಹೊತ್ತಿಗೆ ರೂಮಿನಿಂದ ಹೊರಗೇ ಬರದ ಹಾಗಾದ. ಹಗಲೂ ರಾತ್ರಿ ಗೇಮ್. ಊಟ ಬಾಗಿಲ ಹತ್ತಿರ ಇಟ್ಟು ಬರುತ್ತಿದ್ದೆ. ಇವರಪ್ಪ ಒಂದು ದಿನ ಸಿಟ್ಟಿಗೆ ಫೋನ್ ತಗೊಂಡು ಗೋಡೆಗೆ ಒಗೆದರು. ಹುಡುಗ ಅವತ್ತೇ ಮನೆ ಬಿಟ್ಟು ಹೋದ. ಎರಡು ದಿನ ಆದ ಮೇಲೆ ಸಿಕ್ಕ. ಕಿತ್ತುಕೊಳ್ಳಿ ಅನ್ನುವ ಅಣ್ಣಾವ್ರು ಇದನ್ನು ಸ್ವಲ್ಪ ಓದಬೇಕು.

ಆಮೇಲೆ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಅಲ್ಲಿ ಮೇಡಂ ನಾಲ್ಕು ಸಲ ಅವನೊಬ್ಬನ ಜೊತೆಗೇ ಕೂತು ಮಾತಾಡಿದರು. ಕ್ಲಾಸಿನಲ್ಲಿ ಇಂಗ್ಲಿಷಿನಲ್ಲಿ ಪ್ರಶ್ನೆ ಕೇಳಿದಾಗ ತಡವರಿಸಿದ್ದನಂತೆ, ಹುಡುಗರು ನಕ್ಕರಂತೆ. ಅಂದಿನಿಂದ ಕ್ಲಾಸಿಗೆ ಹೋಗುವುದು ಅಂದರೆ ಎದೆ ಹೊಡೆದುಕೊಳ್ಳುವುದು. ಗೇಮಿನಲ್ಲಿ ಮೈಕ್ ಹಾಕಿಕೊಂಡು ಹುಬ್ಬಳ್ಳಿ ಕನ್ನಡದಲ್ಲೇ ಆರ್ಡರ್ ಕೊಡುತ್ತಿದ್ದ, ಅಲ್ಲಿ ಇವನೇ ಲೀಡರ್. ಇಷ್ಟು ನಮಗೆ ಒಂದೂವರೆ ವರ್ಷ ಗೊತ್ತಿರಲಿಲ್ಲ ನೋಡ್ರೀ.

ಒಪಿಡಿ ಚೀಟಿ
ಅಕ್ಕಾ, ಹೇಳಿಕೊಂಡಿದ್ದಕ್ಕೆ ಥ್ಯಾಂಕ್ಸ್. ಒಂದನ್ನು ಮಾತ್ರ ಸೇರಿಸುತ್ತೇನೆ. ಹಿಂದೆ ಹೆದರಿಕೆ ಇತ್ತು ಅಂದ ಕೂಡಲೇ ಗೇಮ್ ತೊಂದರೆಯೇ ಅಲ್ಲ ಅಂತ ಆಗುವುದಿಲ್ಲ. ಹೆದರಿಕೆಯಿಂದ ಶುರುವಾದ ಆಟ ಒಂದು ವರ್ಷ ಕಳೆಯುವಷ್ಟರಲ್ಲಿ ತಾನೇ ಒಂದು ಕಾಯಿಲೆ ಆಗಿರಬಹುದು. ಎರಡಕ್ಕೂ ಮದ್ದು ಬೇಕು. ಕುಡಿತದ ಹಾಗೆ ಪೂರ್ತಿ ಬಿಡಿಸುವುದೂ ಇಲ್ಲಿ ಆಗದ ಮಾತು, ಫೋನ್ ಇಲ್ಲದೆ ಬದುಕು ನಡೆಯುವುದಿಲ್ಲವಲ್ಲ.

ಹೆಸರು ಬೇಡ
ಅಕೌಂಟ್ ಹೊಸದು, ಕಾರಣ ಗೊತ್ತಾಗುತ್ತೆ. ನನಗೆ ಈ ಟೆಸ್ಟಿನಲ್ಲಿ 37 ಬಂದಿತ್ತು. ರಾತ್ರಿ ನಿದ್ದೆ ಸರಿಯಾಗಿಯೇ ಮಾಡುತ್ತಿದ್ದೆ, ಯಾರ ಮೇಲೂ ರೇಗುತ್ತಿರಲಿಲ್ಲ, ದಿನಕ್ಕೆ ಅರ್ಧ ಗಂಟೆ ಅಷ್ಟೇ. ಆ ಅರ್ಧ ಗಂಟೆ ರಮ್ಮಿ. ಎರಡು ಸೆಮಿಸ್ಟರ್ ಫೀಸು ಹೋಯಿತು, ಅಕ್ಕನ ಚೈನು ಅಡವಿಟ್ಟೆ. ಹೋದದ್ದನ್ನು ವಾಪಸ್ ತರಬೇಕು ಅನ್ನುವುದು ಬಿಟ್ಟರೆ ತಲೆಯಲ್ಲಿ ಬೇರೇನೂ ಇರಲಿಲ್ಲ. 20 ಪ್ರಶ್ನೆಗಳಲ್ಲಿ ಒಂದೂ ದುಡ್ಡಿನ ಬಗ್ಗೆ ಕೇಳಲಿಲ್ಲ.

ಹಳೇ ಮೋಡೆಮ್
ಇವರು ಹೇಳಿದ್ದು ಮುಖ್ಯ. ಕರ್ನಾಟಕ 2021ರಲ್ಲೇ ದುಡ್ಡು ಕಟ್ಟುವ ಆನ್‌ಲೈನ್ ಆಟಕ್ಕೆ ನಿಷೇಧ ತಂದಿತ್ತು, 2022ರ ಫೆಬ್ರವರಿಯಲ್ಲಿ ಹೈಕೋರ್ಟ್ ಹೊಡೆದುಹಾಕಿತು. 2025ರ ಆಗಸ್ಟ್‌ನಲ್ಲಿ ಕೇಂದ್ರದ ಕಾನೂನೇ ಬಂತು.

ರೂಂ ನಂ. 14
ಕಾನೂನು ಬಂದ ಮೇಲೂ ಟೆಲಿಗ್ರಾಂನಲ್ಲಿ ಲಿಂಕ್ ಬರ್ತಾನೇ ಇದೆ ಅಂಕಲ್.

ಕಟ್ಟುನಿಟ್ಟು
ಚೀನಾ ನೋಡಿ ಕಲಿಯಬೇಕು. 2021ರಿಂದ 18ರ ಒಳಗಿನವರಿಗೆ ಶುಕ್ರವಾರ, ಶನಿವಾರ, ಭಾನುವಾರ, ರಜೆ ದಿನ, ರಾತ್ರಿ 8ರಿಂದ 9, ಒಂದೇ ಗಂಟೆ ಗೇಮ್. ಮುಗೀತು.

ಅಂಕಿ ಸಂಖ್ಯೆ
ಪದವಿ ಮಕ್ಕಳಿಗೆ 18 ದಾಟಿದೆ. ದಕ್ಷಿಣ ಕೊರಿಯಾ ನಡುರಾತ್ರಿಯಿಂದ ಬೆಳಗ್ಗೆ ಆರರ ತನಕ 16ರ ಒಳಗಿನವರಿಗೆ ಗೇಮ್ ಬಂದ್ ಮಾಡಿತ್ತು, ಹತ್ತು ವರ್ಷ ನಡೆಸಿ ಅವರೇ ಕೈಬಿಟ್ಟರು.

ಮಲೆನಾಡ ಮೇಷ್ಟ್ರು
ಎಲ್ಲರಿಗೂ ಥ್ಯಾಂಕ್ಸ್. ಒಂದು ವಿಷಯ ಹೇಳುವುದು ಮರೆತಿದ್ದೆ. ಫಾರ್ಮಿನ ಕೊನೆಯಲ್ಲಿ ಖಿನ್ನತೆಯ 9 ಪ್ರಶ್ನೆಗಳನ್ನೂ ಸೇರಿಸಿದ್ದೆವು, ಪಿಎಚ್‌ಕ್ಯೂ-9. ನಮ್ಮ ಲೈಬ್ರೇರಿಯನ್ ಹೇಳಿದ್ದರು ಅಂತ ಹಾಕಿದ್ದು. ಅದರ ಅಂಕ ಇನ್ನೂ ಕೂಡಿಸಿಲ್ಲ, ಇಂಟರ್ನೆಟ್ ಕಾಲಂ ಮಾತ್ರ ನೋಡಿದ್ದು. ಅದರಿಂದ ಏನಾದರೂ ಉಪಯೋಗ ಇದೆಯಾ?

ಒಪಿಡಿ ಚೀಟಿ
ಮೇಷ್ಟ್ರೇ, ಬೇರೆಲ್ಲ ಬಿಡಿ. ಈಗಲೇ ಶೀಟ್ ತೆರೆದು ಒಂಬತ್ತನೇ ಪ್ರಶ್ನೆಯ ಕಾಲಂ ನೋಡಿ. ಸಾಯುವುದೇ ಮೇಲು ಅನ್ನಿಸುತ್ತಿದೆಯಾ ಅಂತ ಕೇಳುವುದು ಅದು. ಸೊನ್ನೆ ಅಲ್ಲದ ಪ್ರತಿ ಹೆಸರನ್ನೂ ಬರೆದುಕೊಳ್ಳಿ. ಫಾರ್ಮ್ ಬಂದು ಎಷ್ಟು ದಿನ ಆಯಿತು?

ಮಲೆನಾಡ ಮೇಷ್ಟ್ರು
ಹತ್ತೊಂಬತ್ತು ದಿನ.

ನೋಡಿದೆ. ಹನ್ನೊಂದು ಹೆಸರು ಇವೆ. ಅದರಲ್ಲಿ "ಹೆಚ್ಚುಕಡಿಮೆ ದಿನಾ" ಅಂತ ಒತ್ತಿದವರು ಇಬ್ಬರು. ಒಬ್ಬ ಆ 24 ಅಂಕದ ಹುಡುಗ. ಕೈ ನಡುಗುತ್ತಿದೆ.

ಒಪಿಡಿ ಚೀಟಿ
ಇನ್‌ಬಾಕ್ಸಿನಲ್ಲಿ ನನ್ನ ನಂಬರ್ ಕಳಿಸಿದ್ದೇನೆ, ಕರೆ ಮಾಡಿ. ಆ ಇಬ್ಬರನ್ನು ಇವತ್ತೇ ನೋಡಬೇಕು. ಸ್ಟಾಫ್ ರೂಮಿಗೆ ಕರೆಸಬೇಡಿ, ನೀವೇ ಹೋಗಿ. ಫಾರ್ಮಿನಲ್ಲಿ ಹೀಗೆ ಬರೆದಿದ್ದೀಯ, ಓದಿ ಯೋಚನೆಯಾಯಿತು, ಅದಕ್ಕೇ ಬಂದೆ ಅನ್ನಿ. ಸಾಯುವ ಯೋಚನೆ ಬರುತ್ತಿದೆಯಾ ಅಂತ ನೇರವಾಗಿಯೇ ಕೇಳಿ. ಕೇಳಿದರೆ ಆ ಯೋಚನೆ ಹುಟ್ಟಿಬಿಡುತ್ತದೆ ಅನ್ನುವುದು ಸುಳ್ಳು. ಹೌದು ಅಂದರೆ ಒಬ್ಬನನ್ನೇ ಬಿಡಬೇಡಿ. ಮನೆಯ ಒಬ್ಬರು ಜೊತೆಗಿರಲಿ, ಜಿಲ್ಲಾಸ್ಪತ್ರೆಯ ಮಾನಸಿಕ ವಿಭಾಗಕ್ಕೆ ಕರೆದುಕೊಂಡು ಹೋಗಿ. ದಾರಿಯಲ್ಲೇ 14416ಕ್ಕೆ ಫೋನ್ ಮಾಡಿ, ಟೆಲಿ ಮಾನಸ್, ದಿನದ 24 ಗಂಟೆಯೂ ಇರುತ್ತಾರೆ, ಕನ್ನಡದಲ್ಲಿ ಮಾತಾಡುತ್ತಾರೆ, ದುಡ್ಡಿಲ್ಲ. ಉಳಿದ ಒಂಬತ್ತು ಜನ ನಾಳೆ, ನಾಡಿದ್ದರೊಳಗೆ.

ಇದನ್ನು ಬೇರೆ ಕಾಲೇಜಿನವರೂ ಓದುತ್ತಿರಬಹುದು, ಅದಕ್ಕೆ ಹೇಳುತ್ತೇನೆ. ಉತ್ತರವನ್ನು ಅವತ್ತೇ ಓದಲು ಆಗದಿದ್ದರೆ ಆ ಪ್ರಶ್ನೆ ಕೇಳಬೇಡಿ.

ಧಾರವಾಡದ ಅಕ್ಕ
ಹೋಗಿ ಬಂದ ಮೇಲೆ ಒಂದು ಸಾಲು ಬರೀರಿ ಮೇಷ್ಟ್ರೇ. ದೇವರು ದೊಡ್ಡವನು.

ಕಟ್ಟುನಿಟ್ಟು
ಬರೀರಿ. ನಾನೂ ಕಾಯುತ್ತಿರುತ್ತೇನೆ.

ಮಲೆನಾಡ ಮೇಷ್ಟ್ರು
ಐದು ದಿನ ಆಯಿತು, ಕ್ಷಮಿಸಿ.

ಹುಡುಗನ ಊರು ಬಸ್ ಇಳಿದು ಮೂರು ಕಿಲೋಮೀಟರ್ ನಡೆಯಬೇಕು. ಅವರ ತೋಟದ ಅಡಿಕೆಗೆ ಎಲೆಚುಕ್ಕಿ ರೋಗ, ಅಪ್ಪನಿಗೆ ಸಾಲ. ಹುಡುಗನ ಫೋನಿಗೆ ಎರಡು ತಿಂಗಳಿಂದ ರೀಚಾರ್ಜೇ ಇಲ್ಲ, ಫಾರ್ಮನ್ನು ಪಕ್ಕದ ಮನೆಯ ವೈಫೈ ಹಿಡಿದು ತುಂಬಿದ್ದನಂತೆ. 24 ಬರದೆ ಇನ್ನೇನು? ನಾನು ನೇರವಾಗಿ ಕೇಳಿದೆ. ಬಹಳ ಹೊತ್ತು ಸುಮ್ಮನಿದ್ದ. ಆಮೇಲೆ "ನೀವು ಓದ್ತೀರಿ ಅಂತ ಅಂದುಕೊಂಡಿರಲಿಲ್ಲ ಸಾರ್" ಅಂದ. ಆಸ್ಪತ್ರೆಗೆ ಹೋಗಿ ಬಂದಿದ್ದೇವೆ, ಮಾತ್ರೆ ಶುರುವಾಗಿದೆ, ಅವನ ಅಮ್ಮ ಜೊತೆಗೇ ಇದ್ದಾರೆ. ಇನ್ನೊಬ್ಬಳು ಹಾಸ್ಟೆಲಿನವಳು, ಅವಳ ವಿಷಯ ಇಲ್ಲಿ ಬರೆಯುವುದಿಲ್ಲ, ಕ್ಷೇಮವಾಗಿದ್ದಾಳೆ. ಒಂಬತ್ತರಲ್ಲಿ ಏಳು ಜನರನ್ನು ಮಾತಾಡಿಸಿದ್ದಾಯಿತು.

83 ಅಂಕದ ಹುಡುಗಿಯನ್ನೂ ಕೇಳಿದೆ. ಅವಳಮ್ಮ ಬ್ಲೌಸ್ ಹೊಲಿಯುತ್ತಾರೆ. ಆರ್ಡರು, ಫೋಟೋ, ಲೆಕ್ಕ ಎಲ್ಲ ವಾಟ್ಸಾಪಿನಲ್ಲಿ ಇವಳೇ ನೋಡಿಕೊಳ್ಳುವುದು. ಗಿರಾಕಿಗಳು ರಾತ್ರಿ ಹನ್ನೊಂದಕ್ಕೆ ಮೆಸೇಜ್ ಮಾಡುತ್ತಾರಂತೆ.

ಒಪಿಡಿ ಚೀಟಿ
ಆದರೂ ಅವಳು ಎಷ್ಟು ಗಂಟೆಗೆ ಮಲಗುತ್ತಾಳೆ ಕೇಳಿ. ಚಟ ಅಲ್ಲ ಅಂದ ಮಾತ್ರಕ್ಕೆ ನಿದ್ದೆ ಬೇಡವಾ?

ಮಲೆನಾಡ ಮೇಷ್ಟ್ರು
ಎರಡು ಗಂಟೆ ಆಗುತ್ತಂತೆ. ಅವಳಮ್ಮನ ಹತ್ತಿರ ಮಾತಾಡುತ್ತೇನೆ.

ರೂಂ ನಂ. 14
ಶನಿವಾರದ ಸಭೆ ಏನಾಯ್ತು ಸಾರ್? ಆ ಪಟ್ಟಿ?

ಮಲೆನಾಡ ಮೇಷ್ಟ್ರು
ಸಭೆ ರದ್ದು. ಪ್ರಾಂಶುಪಾಲರಿಗೆ ಹನ್ನೊಂದು ಹೆಸರಿನ ವಿಷಯ ಹೇಳಿದೆ, ಅವರೂ ಆ ರಾತ್ರಿ ನಿದ್ದೆ ಮಾಡಲಿಲ್ಲವಂತೆ. ಶೀಟಿನಿಂದ ಹೆಸರು, ನಂಬರ್ ತೆಗೆದಿದ್ದೇವೆ. ಪಿಎಚ್‌ಕ್ಯೂ ಉತ್ತರಗಳ ಪ್ರಿಂಟ್ ಲಕೋಟೆಯಲ್ಲಿ ನನ್ನ ಬೀರುವಿನಲ್ಲಿದೆ, ಉಳಿದ ಇಬ್ಬರನ್ನು ನೋಡಿದ ಮೇಲೆ ಅದೂ ಇರುವುದಿಲ್ಲ. ನ್ಯಾಕ್ ಫೈಲಿಗೆ ಈಗ "ಮೊಬೈಲ್ ಮತ್ತು ಯುವಜನತೆ" ಅಂತ ಪ್ರಬಂಧ ಸ್ಪರ್ಧೆ ಇಟ್ಟಿದ್ದಾರೆ.

ಕಡಲೆಪುರಿ
ಪ್ರಬಂಧ ಎಲ್ಲರೂ ಮೊಬೈಲ್ ನೋಡಿಯೇ ಬರೀತಾರೆ.

ಪದಬಂಧ
ಶೀರ್ಷಿಕೆಯಲ್ಲಿ ಚಟ ಅಂತ ಹಾಕಿಲ್ಲ ತಾನೇ?